ಮರಳಿ ಬಂದ ಗ್ರಾಮಫೋನ್ ತಟ್ಟೆ ಮತ್ತು ಪರಿಮಾಣವ್ರತ

ಗೃಹಸ್ಥನೊಬ್ಬನು ಯಾವ ವಸ್ತುವನ್ನೂ ತನ್ನದಾಗಿ ಇಟ್ಟುಕೊಳ್ಳದೆ ಅದರ ಸುಖವನ್ನೆಲ್ಲ ಅನುಭವಿಸುವಂತಾದರೆ ಅವನನ್ನು ಅಪರಿಗ್ರಹಿ ಎನ್ನಬಹುದೆ? ಹಿಂದೆ ಇದು ತರ್ಕಕ್ಕಾಗಿ ಮಾತ್ರ ಕೇಳಬಹುದಾಗಿದ್ದ ಪ್ರಶ್ನೆ. ಇಂದು ಅಂತರ್ಜಾಲದ ಮೂಲಕ ಸಂಗೀತ ಕೇಳುವ ಪ್ರತಿಯೊಂದು ಮನೆಯಲ್ಲೂ ಅದು ಎದುರು ನಿಂತಿದೆ. ಸ್ಟ್ರೀಮಿಂಗ್ ಎಂದು ಕರೆಯಲಾಗುವ ಸೇವೆಗೆ ತಿಂಗಳ ಚಂದಾ ತೆರುವವನ ಬಳಿ ಸ್ವಂತದ್ದೆನ್ನಲು ಒಂದು ಹಾಡೂ ಇಲ್ಲ. ಆದರೆ ಅವನಿಗೆ ನಿಲುಕದ ಹಾಡೂ ಇಲ್ಲ. 2022ರ ಅಕ್ಟೋಬರಿನಲ್ಲಿ ಆಪಲ್ ಸಂಸ್ಥೆಯು ತನ್ನ ಸೇವೆಯಲ್ಲಿ ಹತ್ತು ಕೋಟಿ ಹಾಡುಗಳಿವೆಯೆಂದು ಪ್ರಕಟಿಸಿತು. ಹಾಡೊಂದಕ್ಕೆ ಮೂರು ನಿಮಿಷವೆಂದು ಹಿಡಿದರೂ, ಹಗಲಿರುಳು ಬಿಡದೆ ಕೇಳಿ ಮುಗಿಸಲು 570 ವರ್ಷಗಳು ಬೇಕು.

ಇಂಥ ಕಾಲದಲ್ಲಿ ಅಮೆರಿಕ ದೇಶದಲ್ಲಿ ನಡೆದಿರುವ ಒಂದು ಸಂಗತಿ ವಿಚಾರಾರ್ಹವಾಗಿದೆ. ಅಲ್ಲಿ 1948ರಲ್ಲಿ ಕೊಲಂಬಿಯಾ ಸಂಸ್ಥೆಯು ಮಾರುಕಟ್ಟೆಗೆ ತಂದ ವಿನೈಲಿನ ದೀರ್ಘವಾದನ ತಟ್ಟೆ, ಎಂದರೆ ಎಲ್.ಪಿ. ರೆಕಾರ್ಡು, ಕ್ಯಾಸೆಟ್ಟು ಮತ್ತು ಸಿ.ಡಿ.ಗಳ ಮುಂದೆ ನಿಲ್ಲಲಾರದೆ ಹಿಂದೆ ಸರಿದಿತ್ತು. 2006ರಲ್ಲಿ ಅದರ ಮಾರಾಟ ಹತ್ತು ಲಕ್ಷವನ್ನೂ ಮುಟ್ಟಲಿಲ್ಲ. ಆದರೆ 2022ರಲ್ಲಿ 4.1 ಕೋಟಿ ತಟ್ಟೆಗಳು ಮಾರಾಟವಾದವು, ಸಿ.ಡಿ.ಗಳು 3.3 ಕೋಟಿ ಮಾತ್ರ. ತಟ್ಟೆಗಳ ಸಂಖ್ಯೆ ಸಿ.ಡಿ.ಗಳನ್ನು ಮೀರಿದ್ದು 1987ರ ಅನಂತರ ಅದೇ ಮೊದಲು. 2023ರಲ್ಲಿ ತಟ್ಟೆಗಳು 4.3 ಕೋಟಿಯಾದವು. ಅದೇ ವರ್ಷ ಧ್ವನಿಮುದ್ರಿತ ಸಂಗೀತದ ಆದಾಯದಲ್ಲಿ ಶೇಕಡ 84ರಷ್ಟು ಸ್ಟ್ರೀಮಿಂಗಿನಿಂದಲೇ ಬಂದಿತ್ತೆಂಬುದನ್ನು ಮರೆಯಬಾರದು. ತಟ್ಟೆ ಕೊಳ್ಳುವವನು ಸಾಮಾನ್ಯವಾಗಿ ಚಂದಾವನ್ನೂ ತೆರುತ್ತಾನೆ. ಎಲ್ಲವೂ ಕೈಗೆ ಸಿಕ್ಕಿದ ಮೇಲೂ ಅವನಿಗೆ ಏನೋ ಒಂದು ಸಿಕ್ಕಿಲ್ಲ.

ಕೈಯಲ್ಲಿದ್ದದ್ದು ಇಲ್ಲವಾದೀತೆಂಬ ಭಯ ಇದಕ್ಕೆ ಒಂದು ಕಾರಣವಿರಬಹುದು. 2022ರ ಜನವರಿಯಲ್ಲಿ ಗಾಯಕ ನೀಲ್ ಯಂಗ್, ಕೊರೊನಾ ಲಸಿಕೆಯ ಬಗೆಗೆ ತಪ್ಪು ಮಾಹಿತಿ ಹರಡಲಾಗುತ್ತಿದೆಯೆಂದು ಪ್ರತಿಭಟಿಸಿ ತನ್ನ ಹಾಡುಗಳನ್ನು ಸ್ಪಾಟಿಫೈ ಸೇವೆಯಿಂದ ಹಿಂದೆಗೆದುಕೊಂಡಾಗ, ಕೇಳುಗರು ಚಂದಾ ತೆತ್ತಿದ್ದರೂ ಅವು ಅಲ್ಲಿ ಸಿಗದಾದವು. ಮರಳಿದ್ದು 2024ರ ಮಾರ್ಚಿನಲ್ಲಿ. ಮನೆಯಲ್ಲಿ ತಟ್ಟೆ ಇದ್ದವರಿಗೆ ಈ ತೊಂದರೆ ಇರಲಿಲ್ಲ. ಆದರೆ ಭಯದಿಂದ ಸಂಗ್ರಹಿಸುವುದು ಪರಿಗ್ರಹದ ಬಹು ಹಳೆಯ ಬೇರು. ಭಯವನ್ನು ಹದಿನಾಲ್ಕು ಬಗೆಯ ಅಂತರಂಗ ಪರಿಗ್ರಹಗಳಲ್ಲಿ ಎಣಿಸಿರುವುದು ಸುಮ್ಮನೆ ಅಲ್ಲ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ಮೂರ್ಛೆಯೆಂದೇ ಹೇಳಿದ್ದಾರೆ. ವಸ್ತುವು ಮನೆಯಲ್ಲಿದೆಯೆ ಇಲ್ಲವೆ ಎಂಬುದಕ್ಕಿಂತ, ಅದರಲ್ಲಿ ಮನಸ್ಸು ಮೈಮರೆತಿದೆಯೆ ಎಂಬುದು ಅವರ ಅಳತೆಗೋಲು. ಈ ಅಳತೆಗೋಲನ್ನು ಹಿಡಿದರೆ ಚಂದಾದಾರನ ಅಪರಿಗ್ರಹ ನಿಲ್ಲುವುದಿಲ್ಲ. ಅವನ ಮನೆಯ ಕಪಾಟು ಬರಿದು, ತೃಷ್ಣೆ ಬರಿದಾಗಿಲ್ಲ.

ಈ ವಿಷಯದಲ್ಲಿ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಇನ್ನೂ ಹತ್ತಿರದ ದಾರಿಯನ್ನು ತೋರಿಸುತ್ತದೆ. ಒಮ್ಮೆ ಅನುಭವಿಸಿ ಬಿಡುವುದು ಭೋಗ, ಅನ್ನದಂತೆ. ಮತ್ತೆ ಮತ್ತೆ ಅನುಭವಿಸುವುದು ಉಪಭೋಗ, ವಸ್ತ್ರದಂತೆ. ಇವೆರಡಕ್ಕೂ ಶ್ರಾವಕನು ಮಿತಿ ಹಾಕಿಕೊಳ್ಳಬೇಕು. ಯಾವ ಯಾವ ವಿಷಯಗಳಲ್ಲಿ ಮಿತಿ ಎಂಬ ಪಟ್ಟಿಯಲ್ಲಿ ಊಟ, ವಾಹನ, ಹಾಸಿಗೆ, ಹೂವು, ತಾಂಬೂಲಗಳ ಜೊತೆಗೆ ಸಂಗೀತವನ್ನೂ ಗೀತವನ್ನೂ ಆಚಾರ್ಯರು ಹೆಸರಿಸಿದ್ದಾರೆ. ಸಂಗೀತವು ನಿಷಿದ್ಧವೆಂದು ಇದರ ಅರ್ಥವಲ್ಲ. ಮಿತಿ ಬೇಕಾದ ಸುಖಗಳಲ್ಲಿ ಅದೂ ಒಂದು. ತಟ್ಟೆಯಂತೂ ಸ್ಪಷ್ಟವಾಗಿ ಉಪಭೋಗ. ಹರಿದುಬರುವ ಹಾಡು ಯಾವುದು? ಕೇಳಿದ್ದು ಮುಗಿಯುವ ಮೊದಲೇ ಯಂತ್ರವು ಮುಂದಿನದನ್ನು ತಾನಾಗಿ ಬಡಿಸುತ್ತದೆ. ಎಲೆಯ ಮುಂದಿನಿಂದ ಎದ್ದೇಳಲು ಬಿಡದ ಊಟದಂತೆ ಅದು ಕೊನೆಯಿಲ್ಲದ ಭೋಗವಾಗಿಬಿಡುತ್ತದೆ.

ತಟ್ಟೆಯ ಗುಣ ಇಲ್ಲಿದೆ. ಅದರ ಒಂದು ಮಗ್ಗುಲಿನಲ್ಲಿ ಸುಮಾರು 20 ರಿಂದ 25 ನಿಮಿಷಗಳ ಸಂಗೀತ ಹಿಡಿಯುತ್ತದೆ. ಆಮೇಲೆ ಮುಳ್ಳು ನಡುವಿನ ಬರಿ ಗೆರೆಯಲ್ಲಿ ಸುತ್ತುತ್ತದೆ. ಹಾಡು ಬೇಕಾದರೆ ಎದ್ದು ತಟ್ಟೆಯನ್ನು ಮಗುಚಬೇಕು. ಏಳುವ ಆ ಕ್ಷಣದಲ್ಲಿ ‘ಇನ್ನೂ ಬೇಕೆ?’ ಎಂಬ ಪ್ರಶ್ನೆಗೆ ಅವಕಾಶವುಂಟು. ಅಮೆರಿಕದ ಕೇಳುಗರಲ್ಲಿ ಹಲವರು ತಮಗೆ ಅರಿವಿಲ್ಲದೆಯೇ ಒಂದು ಪರಿಮಾಣವನ್ನು ಹುಡುಕಿಕೊಂಡು ತಟ್ಟೆಯ ಬಳಿಗೆ ಬಂದಿರಬೇಕು. ಹಾಗೆಂದು ಅದನ್ನು ವ್ರತವೆಂದು ಕರೆಯುವಂತಿಲ್ಲ. ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತವೆಂದು ಸಮಂತಭದ್ರರು ಸ್ಪಷ್ಟಪಡಿಸಿದ್ದಾರೆ. ಯಂತ್ರವು ನಿಂತಿತೆಂದು ನಿಲ್ಲಿಸಿದವನು ಏನನ್ನೂ ತ್ಯಜಿಸಿದಂತಾಗಲಿಲ್ಲ.

ಈ ಆಶ್ರಯವೂ ಎಷ್ಟು ಬೇಗ ಕೆಟ್ಟಿತೆಂಬುದನ್ನು ನೋಡಬೇಕು. ಸಂಗೀತೋದ್ಯಮದ ಅಂಕಿಅಂಶಗಳನ್ನು ಕಲೆಹಾಕುವ ಲುಮಿನೇಟ್ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯಂತೆ, ಅಮೆರಿಕದಲ್ಲಿ ತಟ್ಟೆ ಕೊಂಡವರಲ್ಲಿ ಅರ್ಧದಷ್ಟು ಜನರ ಬಳಿ ಅದನ್ನು ನುಡಿಸುವ ಯಂತ್ರವೇ ಇರಲಿಲ್ಲ! ಕೇಳದ ಸಂಗೀತವನ್ನು ಕೊಂಡು ಗೋಡೆಗೆ ಒರಗಿಸಿಡುವುದು ಭೋಗವೂ ಅಲ್ಲ, ಉಪಭೋಗವೂ ಅಲ್ಲ, ಬರಿಯ ಸಂಗ್ರಹ. 2022ರಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ‘ಮಿಡ್‌ನೈಟ್ಸ್’ ಎಂಬ ಗೀತಸಂಪುಟವನ್ನು ನಾಲ್ಕು ಬೇರೆ ಬೇರೆ ಹೊದಿಕೆಗಳಲ್ಲಿ ಹೊರತಂದಳು. ನಾಲ್ಕನ್ನೂ ಕೊಂಡು ಹಿಂಬದಿಗಳನ್ನು ಜೋಡಿಸಿದರೆ ಒಂದು ಗಡಿಯಾರದ ಮುಖವಾಗುತ್ತಿತ್ತು. ಇದರಲ್ಲಿ ಕೊಳ್ಳುವವರಷ್ಟೇ ದೋಷಿಗಳಲ್ಲ. ಮಾರುವವರು ಅತಿಲೌಲ್ಯವನ್ನು ಚೆನ್ನಾಗಿ ಬಲ್ಲರು. ಭೋಗೋಪಭೋಗ ಪರಿಮಾಣದ ಅತಿಚಾರಗಳಲ್ಲಿ ಅದು ಒಂದು. ಕಳೆದ ಸುಖವನ್ನು ಮತ್ತೆ ಮತ್ತೆ ನೆನೆಯುವ ಅನುಸ್ಮೃತಿ ಇನ್ನೊಂದು. ತಾವು ಹುಟ್ಟುವ ಮೊದಲಿನ ಕಾಲದ ತಟ್ಟೆಗಾಗಿ ಹಂಬಲಿಸುವ ತರುಣರಲ್ಲಿ ಈ ಅನುಸ್ಮೃತಿ ಎರವಲು ತಂದದ್ದು ಎನ್ನಬೇಕಾಗುತ್ತದೆ.

ತಟ್ಟೆಯ ದ್ರವ್ಯದ ಬಗೆಗೂ ಒಂದು ಮಾತು ಅವಶ್ಯ. ವಿನೈಲು ಬರುವ ಮೊದಲು ತಟ್ಟೆಗಳು ಅರಗಿನಿಂದ ಆಗುತ್ತಿದ್ದವು, ಆ ಅರಗು ಹೆಚ್ಚಾಗಿ ಭಾರತದಿಂದಲೇ ಹೋಗುತ್ತಿತ್ತು. ಕೊಂಬೆಯ ಮೇಲೆ ಅಂಟಿ ಕುಳಿತ ಸಣ್ಣ ಕೀಟಗಳ ಸ್ರಾವವೇ ಅರಗು. ಅದನ್ನು ಕೆರೆದು ತೆಗೆಯುವಾಗ ಲೆಕ್ಕವಿಲ್ಲದಷ್ಟು ಕೀಟಗಳು ಸಾಯುತ್ತವೆ. 13ನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕರು ಬಿಡಬೇಕಾದ ಹದಿನೈದು ಖರಕರ್ಮಗಳನ್ನು ಹೇಳುವಾಗ ಲಾಕ್ಷಾವಾಣಿಜ್ಯವನ್ನೂ ಎಣಿಸಿರುವುದು ಈ ಕಾರಣಕ್ಕಾಗಿಯೇ. ಆ ಹಳೆಯ ತಟ್ಟೆಗಳನ್ನು ಕೇಳಿ ತಲೆದೂಗಿದ ಶ್ರಾವಕರಲ್ಲಿ ಎಷ್ಟು ಮಂದಿಗೆ ಇದು ಹೊಳೆದಿತ್ತೊ! ಇಂದಿನ ತಟ್ಟೆಯಲ್ಲಿ ಅರಗಿಲ್ಲ. ಆದರೆ ಅದರ ಪ್ಲಾಸ್ಟಿಕ್ಕಿನ ಮೂಲವಾದ ವಿನೈಲ್ ಕ್ಲೋರೈಡ್ ಅನಿಲವು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ಸಿದ್ಧಪಟ್ಟಿದೆ. ಸ್ಟ್ರೀಮಿಂಗಿನ ಹಿಂದೆಯೂ ಹಗಲಿರುಳು ವಿದ್ಯುತ್ತನ್ನು ನುಂಗುವ ಯಂತ್ರಾಗಾರಗಳಿವೆ. ಕಣ್ಣಿಗೆ ಕಾಣದೆಂಬ ಮಾತ್ರಕ್ಕೆ ಅದು ನಿರಾರಂಭವಲ್ಲ.

ಹಾಗಾದರೆ ಪರಿಗ್ರಹಪರಿಮಾಣ ಮಾಡಿಕೊಂಡ ಕುಟುಂಬವು ಸಂಗೀತವನ್ನು ಯಾವುದರಲ್ಲಿ ಎಣಿಸಬೇಕು? ತಟ್ಟೆಗಳಾದರೆ ಸಂಖ್ಯೆಯುಂಟು. ನಲವತ್ತಕ್ಕೆ ಮಿತಿ ಹಾಕಿಕೊಂಡವನು ನಲವತ್ತೊಂದನೆಯದು ಬೇಕೆನಿಸಿದಾಗ ಒಂದನ್ನು ಯಾರಿಗಾದರೂ ಕೊಟ್ಟುಬಿಡಬೇಕಾಗುತ್ತದೆ. ಸ್ಟ್ರೀಮಿಂಗಿನಲ್ಲಿ ಎಣಿಸಲು ವಸ್ತುವಿಲ್ಲ. ಅಲ್ಲಿ ಸಮಂತಭದ್ರರ ಕಾಲನಿಯಮವೇ ಉಪಯುಕ್ತ: ಇಂದು, ಈ ಹಗಲು, ಈ ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಅವರು ಮಿತಿಯನ್ನು ಕಾಲದಿಂದ ಅಳೆಯಲು ಕಲಿಸಿದ್ದಾರೆ. ದಶಲಕ್ಷಣ ಪರ್ವದ ದಿನಗಳಲ್ಲಿ ಟಿ.ವಿ.ಯನ್ನು ಮುಚ್ಚಿಡುವ ಮನೆಗಳುಂಟು. ಅದೇ ಮನೆಗಳಲ್ಲಿ ಮಕ್ಕಳು, ಕೆಲವೊಮ್ಮೆ ಹಿರಿಯರೂ, ಕಿವಿಗೆ ಸಿಕ್ಕಿಸಿಕೊಂಡು ಕೇಳುವುದು ಲೆಕ್ಕಕ್ಕೆ ಬರುವುದಿಲ್ಲ. ಬಸದಿಯಲ್ಲಿ ಪರ್ವದ ನಿಯಮಗಳನ್ನು ಓದಿ ಹೇಳುವಾಗ ಟ್ರಸ್ಟಿನವರು ಇದನ್ನೂ ಸೇರಿಸಿದರೆ, ದಿನಕ್ಕೆ ಇಷ್ಟು ಹೊತ್ತು ಎಂದು ಮನೆಯವರೆಲ್ಲ ಕುಳಿತು ನಿಶ್ಚಯಿಸಿಕೊಳ್ಳಬಹುದು.