ರಾಹೇಲಳ ಸಮಾಧಿಯ ಕಲ್ಲು

(ಧ್ಯಾನಕ್ಕೆ: ಆದಿಕಾಂಡ 35:16–20)



ಯಾಕೋಬನು ಬೇತೇಲಿನಿಂದ ಹೊರಟು ಪ್ರಯಾಣದಲ್ಲಿದ್ದಾಗ ರಾಹೇಲಳಿಗೆ ಹೆರಿಗೆಯ ಬೇನೆಯು ತೊಡಗಿತು. ಎಫ್ರಾತವು ಇನ್ನೂ ದೂರವಿತ್ತು. ಹೆದರಬೇಡವೆಂದು ಸೂಲಗಿತ್ತಿಯು ಧೈರ್ಯ ಹೇಳಿದಳು. ಆ ಮಾತಿನ ಹೊರತು ಅವಳ ಕೈಯಲ್ಲಿ ಬೇರೆ ಉಪಾಯವಿರಲಿಲ್ಲ. ಕೂಸು ಬದುಕಿತು, ತಾಯಿಯು ದಾರಿಯಲ್ಲಿಯೇ ಪ್ರಾಣಬಿಟ್ಟಳು. ಅವಳಿಗಾಗಿ ಹದಿನಾಲ್ಕು ವರುಷ ದುಡಿದ ಗಂಡನಿಗೆ ಸಮಾಧಿಯ ಮೇಲೆ ಕಲ್ಲು ನಿಲ್ಲಿಸುವದೊಂದೇ ಉಳಿಯಿತು.

ಬಾಣಂತಿಯು ತೀರಿಕೊಂಡ ಮನೆಗೆ ಹೋಗಿ ನಾವು "ದೇವರ ಚಿತ್ತ" ಎಂದು ಹೇಳಿ ಎದ್ದು ಬರುತ್ತೇವೆ. ಪ್ರಿಯರೇ, ನಮ್ಮ ಆಲಸ್ಯಕ್ಕೆ ದೇವರ ಹೆಸರನ್ನು ಇಡಬಹುದೋ? ಯಾಕೋಬನಿಗೆ ಇಲ್ಲದ ಉಪಾಯವನ್ನು ದೇವರು ನಮಗೆ ದಯಪಾಲಿಸಿದ್ದಾನಲ್ಲಾ!

ದೂರದ ಸಾಕ್ಷಿ ಬೇಡ. 2002ರಿಂದ 2005ರ ವರೆಗೆ ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು 1,620 ತಾಯಂದಿರಲ್ಲಿ ಒಂದು ಪರೀಕ್ಷೆ ನಡಿಸಿದರು. ಕೂಸು ಹುಟ್ಟಿದ ಕೂಡಲೇ ಹಳ್ಳಿಯ ದಾದಿಯರು ಅರ್ಧ ಜನರಿಗೆ ಮಿಸೊಪ್ರೊಸ್ಟಾಲ್ ಗುಳಿಗೆಯನ್ನೂ ಉಳಿದವರಿಗೆ ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟರು. ಔಷಧವಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವವಾಯಿತು; ಔಷಧ ನುಂಗಿದವರಲ್ಲಿ ಆರೇಳು ಮಂದಿಗೆ ಮಾತ್ರ. ಇದನ್ನು ಕೊಡತಕ್ಕವರು ದಾದಿಯರು, ಮನೆಯವರಲ್ಲ. ಆದದರಿಂದ ದಾದಿಯ ಬಳಿಗೆ ಹೋಗಬೇಕು.

ಕರ್ನಾಟಕದಲ್ಲಿ ಲಕ್ಷ ಕೂಸುಗಳು ಜೀವಂತವಾಗಿ ಹುಟ್ಟುವಲ್ಲಿ 2001–03ರಲ್ಲಿ 228 ತಾಯಂದಿರು ಸಾಯುತ್ತಿದ್ದರು, 2018–20ರಲ್ಲಿ 69. ದೇವರಿಗೆ ಸ್ತೋತ್ರ! ಆದರೆ ಆ 69 ಮನೆಗಳಲ್ಲಿಯೂ ಕೂಸು ಅಳುತ್ತದೆ.

ರಕ್ತವು ಹರಿಯತೊಡಗಿದರೆ ತಾಯಿಗೆ ಉಳಿದಿರುವದು ತಾಸುಗಳೇ, ದಿನಗಳಲ್ಲ. ಅತ್ತೆ ಒಪ್ಪಲಿ, ಗಂಡನು ಹೊಲದಿಂದ ಬರಲಿ, ಹಣ ಒದಗಲಿ ಎಂದು ನಾವು ಆ ತಾಸುಗಳನ್ನು ಕಳೆಯುತ್ತೇವೆ. ಸಿರಸಂಗಿಯಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಇರುವವರೇ, ಬನದ ಹುಣ್ಣಿವೆಗೆ ಎಲ್ಲಮ್ಮನ ಗುಡ್ಡದ ಜಾತ್ರೆಯಿಂದ ಸವದತ್ತಿಯ ದಾರಿಯು ಹೇಗೆ ತುಂಬುತ್ತದೆಂಬದು ನಿಮಗೆ ಗೊತ್ತು. ದಿನ ತುಂಬುವದಕ್ಕೆ ಮುಂಚೆಯೇ ಹೆರಿಗೆಯ ಆಸ್ಪತ್ರೆಯನ್ನು ಗೊತ್ತುಮಾಡಿರಿ, ಹಣ ಕಟ್ಟಿಡಿರಿ, ರಕ್ತ ಕೊಡುವವರನ್ನು ಕೇಳಿಟ್ಟುಕೊಳ್ಳಿರಿ, ಬೇನೆ ತೊಡಗಿದೊಡನೆ 108ಕ್ಕೆ ಕರೆಮಾಡಿರಿ. ಸಭೆಯ ಹಿರಿಯರು ಬಸುರಿಯರ ಮನೆಗಳನ್ನು ಮುಂಚೆಯೇ ವಿಚಾರಿಸಲಿ.

ದಾರಿಯಲ್ಲಿ ಬಿದ್ದವನನ್ನು ಕಂಡ ಸಮಾರ್ಯದವನು ಅವನ ಜಾತಿಯನ್ನು ಕೇಳಲಿಲ್ಲ. ತನ್ನ ಪಶುವಿನ ಮೇಲೆ ಹತ್ತಿಸಿದನು, ಕೈಯಿಂದ ಹಣ ಕೊಟ್ಟನು. ನಿಮ್ಮ ಓಣಿಯ ಯಾವ ತಾಯಿಗಾದರೂ ನೀವು ಹಾಗೆಯೇ ಮಾಡಿರಿ.

ಸ್ತ್ರೀಯಿಂದ ಹುಟ್ಟಿದ ಕರ್ತನೇ, ಕಲ್ಲು ನಿಲ್ಲಿಸುವ ಕೈಗಳನ್ನು ತಾಯಿಯನ್ನು ಎತ್ತಿಕೊಂಡು ಓಡುವ ಕೈಗಳಾಗ ಮಾಡು. ಆಮೆನ್.