ಹೊಂದಿಸಿಕೊಂಡು ಹೋಗುವವರು ಯಾರು?

ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಸಂಘಕ್ಕೆ ಹೋಸ್ಟಿಂಗ್ ಕಂಪನಿಯಿಂದ ಒಂದು ಮೇಲ್ ಬಂತು. ಮೂವತ್ತು ದಿನಗಳಲ್ಲಿ ಸರ್ವರಿನಿಂದ ಪಿಎಚ್‌ಪಿ 7.4 ತೆಗೆದು ಪಿಎಚ್‌ಪಿ 8.2 ಹಾಕುತ್ತೇವೆ, ನಿಮ್ಮ ಜಾಲತಾಣ ಅದಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ ಎಂದಿತ್ತು. ಸಂಘದಲ್ಲಿ ಕಂಪ್ಯೂಟರ್ ಎಂಬ ಮಾತು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಆ ಶನಿವಾರ ರಾತ್ರಿ ನೆರೂಳಿನ ಮನೆಯಲ್ಲಿ ಕೂತು ಜಾಲತಾಣದ ಒಂದು ಪ್ರತಿ ಮಾಡಿ ಹೊಸ ಪಿಎಚ್‌ಪಿಯಲ್ಲಿ ಓಡಿಸಿದೆ. ಬಿಳಿ ಪರದೆ. ಒಂದಕ್ಷರವೂ ಇಲ್ಲ.

ತಪ್ಪು ಇದ್ದದ್ದು ಥೀಮಿನಲ್ಲಿ. 2010ರಲ್ಲಿ ನಮ್ಮ ಸಂಘದ್ದೇ ಒಬ್ಬ ಹುಡುಗ ಬರೆದುಕೊಟ್ಟದ್ದು. ಈಗ ಅವನು ದೇಶದಲ್ಲಿಲ್ಲ. ಕಾರ್ಯದರ್ಶಿಗಳಿಗೆ ಫೋನ್ ಮಾಡಿದರೆ, “ಥೀಮ್ ಅಂದ್ರೆ ಅಂಗಿ ಅಲ್ವಾ? ಹರಿದದ್ದು ಬಿಸಾಡಿ ಹೊಸದು ಹಾಕಿ” ಎಂದರು. ನನಗೂ ಸರಿಯೆನಿಸಿತು. ಆಫೀಸಿನಲ್ಲಿ ಇಂಥದ್ದು ಎಷ್ಟೋ ಬಿಸಾಡಿದ್ದೇನೆ. ಎಷ್ಟು ಜನ ಬಳಸುತ್ತಾರೆ, ಉಳಿಸಲು ಎಷ್ಟು ಗಂಟೆ ಬೇಕು, ಎರಡು ಅಂಕಿ ಪಕ್ಕಪಕ್ಕ ಇಟ್ಟರೆ ತೀರ್ಮಾನ ತಾನಾಗಿ ಬರುತ್ತದೆ.

ಹೊಸ ಥೀಮ್ ಹಾಕಿದೆ. ಮುಖಪುಟ ಚೆನ್ನಾಗಿ ಬಂತು. ಹಳೆಯ ಲೇಖನಗಳನ್ನು ತೆರೆದರೆ ಯಾವ ಭಾಷೆಯೂ ಅಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತ ಬೇರೆ ಫಾಂಟಿನಲ್ಲಿ ತೆರೆದವರಿಗೆ ಆ ರಾಶಿಯ ಪರಿಚಯವಿದೆ.

ಆಗ ಆ ಹುಡುಗ ಮಾಡಿದ್ದೇನೆಂದು ತಿಳಿಯಿತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದ್ದರೂ, 2010ರ ಹೊತ್ತಿಗೂ ಡಿಟಿಪಿಯವರು, ಸಂಘಗಳವರು ಬಹುಮಟ್ಟಿಗೆ ನುಡಿ ಅಥವಾ ಬರಹದಲ್ಲೇ ಇದ್ದರು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸ. ಅವರೂ ಮುಂಬೈಯ ಟಿಐಎಫ್‌ಆರ್‌ನಲ್ಲಿ ದುಡಿದವರೇ. ನಮ್ಮ ಸಂಘದ ಮಾಸ್ಟ್ರು ಅರವತ್ತು ದಾಟಿದ ಮೇಲೆ ಅದೊಂದನ್ನು ಕಲಿತಿದ್ದರು. ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಪಾಠ ಮಾಡಿದವರು. ಹಗಲಿಡೀ ಹೋಟೆಲಿನಲ್ಲಿ ಲೋಟ ತೊಳೆದು ಸಂಜೆ ಸ್ಲೇಟು ಹಿಡಿದು ಬರುತ್ತಿದ್ದ ಹುಡುಗರ ಬಗ್ಗೆ ಅರವತ್ತನಾಲ್ಕು ಲೇಖನ ಬರೆದರು. ಹುಡುಗ ಆ ಬರಹಗಳನ್ನು ಇದ್ದ ಹಾಗೇ ಡೇಟಾಬೇಸಿಗೆ ಸೇರಿಸಿ, ಪುಟ ತೆರೆದಾಗಲೆಲ್ಲ ನುಡಿಯಿಂದ ಯೂನಿಕೋಡಿಗೆ ಬದಲಿಸಿ ತೋರಿಸುವ ಕೋಡನ್ನು ಥೀಮಿನೊಳಗೆ ಇಟ್ಟಿದ್ದ. ನಾವು ಅಂಗಿ ಎಂದುಕೊಂಡದ್ದು ಕಣ್ಣಾಗಿತ್ತು.

ಈಗ ಪ್ರಶ್ನೆ ನನ್ನದಾಯಿತು. ನೆಲವೇ ಬದಲಾದಾಗ ಹೊಂದಿಕೊಳ್ಳುವ ಹೊಣೆ ಯಾರದು? ನೆಲ ಬದಲಿಸಿದವರದೋ, ಅದರ ಮೇಲೆ ನಿಂತವರದೋ?

ಪಿಎಚ್‌ಪಿ ಮಾಡುವವರನ್ನು ಬೈಯುವುದು ಸುಲಭ. ಥೀಮಿನಲ್ಲಿ ‘ಕ್ರಿಯೇಟ್ ಫಂಕ್ಷನ್’ ಎಂಬ ಹಳೆಯ ಸೌಲಭ್ಯವನ್ನು ಹತ್ತಾರು ಕಡೆ ಬಳಸಲಾಗಿತ್ತು. ಬರೀ ಪಠ್ಯವನ್ನು ಓಡುತ್ತಿರುವಾಗಲೇ ಕೋಡಾಗಿ ಮಾಡುವ ಸೌಲಭ್ಯ ಅದು. ಎಚ್ಚರ ತಪ್ಪಿದರೆ ಹೊರಗಿನವರು ತಮ್ಮ ಪಠ್ಯವನ್ನೂ ತೂರಿಸಬಹುದು. ಅದಕ್ಕೇ 2017ರ 7.2 ಆವೃತ್ತಿಯಲ್ಲಿ ‘ಇದನ್ನು ಬಿಡಿ’ ಎಂದು ಎಚ್ಚರಿಸಿ, 2020ರ ನವೆಂಬರಿನಲ್ಲಿ ಬಂದ 8.0ರಲ್ಲಿ ತೆಗೆದರು. ಮೂರು ವರ್ಷದ ನೋಟಿಸು. ನಾವು ಕಿವಿಗೊಡಲಿಲ್ಲ, ಅಷ್ಟೆ. ಹಳೆಯ ಪಿಎಚ್‌ಪಿ ಉಳಿಸಿಕೊಳ್ಳುವ ಇನ್ನೊಂದು ಕಂಪನಿಗೆ ಹೋಗಬಹುದಿತ್ತು. ಆದರೆ 7.4ಕ್ಕೆ ಭದ್ರತೆಯ ತಿದ್ದುಪಡಿಗಳು 2022ರ ನವೆಂಬರ್ 28ಕ್ಕೇ ನಿಂತಿವೆ. ಅದೇ ಸರ್ವರಿನಲ್ಲಿ ಸದಸ್ಯರ ಫೋನ್ ನಂಬರು, ವಿಳಾಸ ಇವೆ. ನನ್ನ ಸೋಮಾರಿತನಕ್ಕೆ ಅವರನ್ನು ಅಡವಿಡುವುದು ನ್ಯಾಯವಲ್ಲ.

ಹುಡುಗನದೂ ತಪ್ಪಲ್ಲ. ನಮ್ಮ ಉದ್ಯಮದಲ್ಲಿ ಇಂಥ ಹಳೆಯ ಕೋಡಿಗೆ ತಾಂತ್ರಿಕ ಸಾಲ ಎನ್ನುತ್ತೇವೆ. ಸಾಲ ಅಂದಕೂಡಲೇ ಯಾರೋ ಮಾಡಿದ್ದು, ಯಾರ ತಲೆಗೋ ಕಟ್ಟಿದ್ದು ಎಂಬ ದೂರು ಅದರಲ್ಲಿ ಸೇರುತ್ತದೆ. ನನಗೆ ಊರಿನ ಅಷ್ಟಬಂಧ ನೆನಪಾಯಿತು. ಮೂರ್ತಿಯನ್ನು ಪೀಠಕ್ಕೆ ಕೂಡಿಸುವ, ಎಂಟು ದ್ರವ್ಯಗಳನ್ನು ಕುಟ್ಟಿ ಮಾಡುವ ಆ ಪಾಕ ಕಾಲಕ್ರಮದಲ್ಲಿ ಒಣಗಿ ಬಿರಿಯುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದು ತುಂಬಿ ಬ್ರಹ್ಮಕಲಶ ಮಾಡುತ್ತೇವೆ. ಮೊದಲು ತುಂಬಿದವನು ಸರಿಯಾಗಿ ಮಾಡಲಿಲ್ಲ ಎಂದು ಯಾರೂ ಅನ್ನುವುದಿಲ್ಲ. ಒಣಗುವುದು ಅದರ ಗುಣ. ಮತ್ತೆ ತುಂಬುವುದು ಆಗ ಊರಲ್ಲಿರುವವರ ಕೆಲಸ. ಈಗ ಊರಲ್ಲಿ ಇದ್ದವನು ನಾನು.

ಆದರೂ ನಾನು ಮೊದಲು ಮಾಡಿದ್ದು ಕಳ್ಳ ಕೆಲಸ. ಇಲ್ಲದ ಸೌಲಭ್ಯಗಳ ಜಾಗದಲ್ಲಿ ಬೇರೆಯದನ್ನು ಹಾಕಿದೆ. ಆಮೇಲೂ ಪುಟದ ತುಂಬ ಎಚ್ಚರಿಕೆಗಳು. ಪಿಎಚ್‌ಪಿಯಲ್ಲಿ ಒಂದು ಸಾಲಿನ ದೂರು ಕೇಳಿಸದಂತೆ ಮಾಡಲು ಅದರ ಮುಂದೆ ‘ಅಟ್’ ಚಿಹ್ನೆ ಹಾಕಿದರೆ ಸಾಕು. ಮಾರಕ ತಪ್ಪುಗಳನ್ನು ಹಾಗೆ ಮುಚ್ಚಲು 8.0ರಿಂದ ಬಿಡುವುದಿಲ್ಲ, ಆದರೆ ಸಣ್ಣವನ್ನು ಈಗಲೂ ಮುಚ್ಚಬಹುದು. ಮುಚ್ಚಿದೆ. ಉಳಿದದ್ದು ಪರದೆಗೆ ಬಾರದಂತೆ ಸೆಟ್ಟಿಂಗ್ ಬದಲಿಸಿದೆ. ಭಾನುವಾರ ಸಂಜೆಗೆ ‘ಆಯಿತು’ ಎಂದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೂಗುಚ್ಛಗಳು ಬಂದವು.

ಬುಧವಾರ ಡೊಂಬಿವಲಿಯಿಂದ ಮಾಸ್ಟ್ರ ಫೋನು. “ಮಾರಾಯ, ನನ್ನ ಕರ್ನಾಟಕ ‘ಕನಾಟಕ’ ಆಗಿದೆಯಲ್ಲ?”

ನೋಡಿದರೆ ಹೌದು. ಅರ್ಥ ‘ಅಥ’ವಾಗಿತ್ತು, ಮಾರ್ಗ ‘ಮಾಗ’ವಾಗಿತ್ತು. ಅರ್ಕಾವೊತ್ತುಗಳೆಲ್ಲ ಮಾಯ. ನುಡಿಯಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಎತ್ತಿಡುವ ಸಾಲಿನಲ್ಲಿ ಹುಡುಗ ಅಕ್ಷರವನ್ನು ಸೊನ್ನೆಯೊಂದಿಗೆ ಹೋಲಿಸಿದ್ದ. ಹಳೆಯ ಪಿಎಚ್‌ಪಿ ಸೊನ್ನೆಯನ್ನೂ ಅಂಕಿಯಲ್ಲದ ಪದವನ್ನೂ ಹೋಲಿಸಿದರೆ ಎರಡೂ ಸಮ ಎನ್ನುತ್ತಿತ್ತು. 8.0ರಿಂದ ಅಲ್ಲ ಎನ್ನುತ್ತದೆ. ಹೊಸದೇ ಸರಿ. ಆದರೆ ನಮ್ಮ ಥೀಮು ಹಳೆಯದರ ತಪ್ಪನ್ನು ನಂಬಿ ಹದಿಮೂರು ವರ್ಷ ಸರಿಯಾಗಿ ನಡೆದಿತ್ತು. ಈ ಬದಲಾವಣೆ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ದೂರು ಕೊಟ್ಟ ಸಾಲುಗಳ ಬಾಯಿ ನಾನು ಮುಚ್ಚಿದ್ದೆ. ದೂರನ್ನೇ ಕೊಡದ ಸಾಲು ಅಕ್ಷರ ನುಂಗಿತ್ತು. ಯಂತ್ರಕ್ಕೆ ಕಾಣದ್ದು ಎಂಬತ್ತು ದಾಟಿದ ಒಬ್ಬರ ಕಣ್ಣಿಗೆ ಕಂಡಿತು, ಏಕೆಂದರೆ ಅವರು ಓದುತ್ತಿದ್ದರು. ನಾನು ಮೂರು ದಿನ ಪುಟ ತೆರೆಯುತ್ತದೆಯೇ ಎಂದು ಮಾತ್ರ ನೋಡಿದ್ದೆ, ಒಂದು ವಾಕ್ಯವನ್ನೂ ಓದಿರಲಿಲ್ಲ.

ಹೊಂದಾಣಿಕೆಯ ಬಗ್ಗೆ ನನಗಿದ್ದ ತಿಳಿವಳಿಕೆ ಅಲ್ಲಿ ಬದಲಾಯಿತು. ಒಂದು ವಸ್ತು ಕೆಡದೆ ನಿಂತಿದೆ ಎಂದರೆ ಅದು ಉಳಿದಿದೆ ಎಂದಲ್ಲ. ಅದು ಯಾರಿಗಾಗಿ ಇದೆಯೋ ಅವರ ಕಡೆಯಿಂದ ನೋಡದೆ ‘ಸರಿಯಾಗಿದೆ’ ಎಂದು ಹೇಳುವ ಹಕ್ಕು ನನಗಿಲ್ಲ.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಅಟ್ ಚಿಹ್ನೆಗಳನ್ನು ಕಿತ್ತು, ಒಂದೊಂದು ಎಚ್ಚರಿಕೆಗೂ ಉತ್ತರ ಹುಡುಕಿದೆ. ಪುಟ ತೆರೆದಾಗಲೆಲ್ಲ ಬದಲಿಸುವ ಏರ್ಪಾಡು ಬಿಟ್ಟು, ಅಷ್ಟೂ ಲೇಖನಗಳನ್ನು ಒಮ್ಮೆಗೇ ಯೂನಿಕೋಡಿಗೆ ತಂದೆ; ಮೂಲದ ಪ್ರತಿ ಬೇರೆ ಇಟ್ಟೆ. ನುಡಿಯ ಬರಹದ ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾದವು. ಅದನ್ನು ಸರಿಪಡಿಸಲು ಓದುವುದೊಂದೇ ದಾರಿ. ಒಂಬತ್ತು ಭಾನುವಾರ ನೆರೂಳಿನಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಡೊಂಬಿವಲಿ. ನಾನು ಗಟ್ಟಿಯಾಗಿ ಓದುವುದು, ಮಾಸ್ಟ್ರು ಕಣ್ಣು ಮುಚ್ಚಿ ಕೇಳುವುದು, ತಪ್ಪಿದಲ್ಲಿ ಕೈ ಎತ್ತುವುದು. ಅವರ ಹೆಂಡತಿ ಚಹಾ ಕೊಡುತ್ತಾ, ಸ್ಲೇಟಿನ ಹುಡುಗರಲ್ಲಿ ಯಾರು ಈಗ ಎಲ್ಲಿದ್ದಾರೆ ಎಂದು ಸೇರಿಸುತ್ತಿದ್ದರು.

ಕೊನೆಯ ಲೇಖನ ಮುಗಿದ ದಿನ ಮಾಸ್ಟ್ರು ಕೇಳಿದರು: “ಇನ್ನು ಕೆಡುವುದಿಲ್ಲ ತಾನೆ?”

“ಅಕ್ಷರ ಕೆಡಲಿಕ್ಕಿಲ್ಲ ಮಾಸ್ಟ್ರೇ. ಥೀಮು ಇನ್ನು ಆರೇಳು ವರ್ಷಕ್ಕೆ ಮತ್ತೆ ಕೈಕೊಡುತ್ತದೆ.”

“ಆಗ ಯಾರು ಮಾಡುವುದು?”

ನನ್ನ ಬಳಿ ಉತ್ತರವಿರಲಿಲ್ಲ. ಅಂದು ರಾತ್ರಿ ಮನೆಗೆ ಬಂದು ಥೀಮಿನ ಮುಖ್ಯ ಕಡತದ ತಲೆಯಲ್ಲಿ ಒಂದು ಟಿಪ್ಪಣಿ ಬರೆದೆ, ಕನ್ನಡದಲ್ಲೇ. ಏನು ಬದಲಿಸಿದೆ, ಏಕೆ, ಮೂಲ ಪ್ರತಿ ಎಲ್ಲಿದೆ, ಅರ್ಕಾವೊತ್ತಿನ ಕಥೆ ಏನು. ಕೊನೆಗೆ ಎರಡು ಸಾಲು: ‘ಪುಟ ತೆರೆಯಿತೆಂದು ನಿಲ್ಲಿಸಬೇಡಿ. ಒಂದು ಲೇಖನ ಪೂರ್ತಿ ಓದಿ.’