ಅವಸರದ ಆಟ, ಹಸಿ ದಂಟು

ವಿಡಿಯೋ ಗೇಮ್ ಆಡುವವರ ಬಾಯಲ್ಲಿ ಒಂದು ದೂರು ಆಗಾಗ ಬರುತ್ತೆ: ‘ಅವಸರದಲ್ಲಿ ಮುಗಿಸಿಬಿಟ್ಟವ್ರೆ ಗುರು.’ ಆಟ ತಯಾರಾಗುವಾಗ ಇವರು ಯಾರೂ ಪಕ್ಕದಲ್ಲಿ ಕೂತು ನೋಡಿಲ್ಲ. ಆದರೂ ಗೊತ್ತಾಗಿಬಿಡುತ್ತೆ. ಮೊದಲ ಊರಿನಲ್ಲಿ ಪ್ರತಿ ಮನೆಯ ಬಾಗಿಲೂ ತೆರೆಯುತ್ತೆ. ಮೂರನೇ ಊರಿಗೆ ಬರೋ ಹೊತ್ತಿಗೆ ಬಾಗಿಲು ಅನ್ನೋದು ಗೋಡೆ ಮೇಲೆ ಬರೆದ ಚಿತ್ರ. ಸಾಯಿಸಿದ ಶತ್ರುವೇ ಬಣ್ಣ ಬದಲಿಸಿಕೊಂಡು ಮತ್ತೆ ಬರುತ್ತಾನೆ. ಕತೆಗೆ ಬೇಕಿದ್ದ ಪಾತ್ರ ಅರ್ಧಕ್ಕೇ ನಾಪತ್ತೆ.

ಹಾಗಾದರೆ ಅವಸರ ಅಂದರೇನು? ಟೈಮ್ ಸಾಲದೇ ಹೋಗೋದು ಅಂತ ಥಟ್ಟನೆ ಹೇಳಿಬಿಡಬಹುದು. ಆದರೆ ಲೆಕ್ಕ ಹೊಂದೋದಿಲ್ಲ. ಲುಡಮ್ ಡೇರ್ ಅನ್ನೋ ಸ್ಪರ್ಧೆಯಲ್ಲಿ ಒಬ್ಬೊಬ್ಬರೇ ಕೂತು 48 ಗಂಟೆಯಲ್ಲಿ ಒಂದು ಆಟ ಮಾಡುತ್ತಾರೆ. ಅವುಗಳಲ್ಲಿ ಒಳ್ಳೆಯವು ಪುಟ್ಟದಾಗಿದ್ದರೂ ಪೂರ್ತಿಯಾಗಿರುತ್ತವೆ. ಇನ್ನೊಂದು ಕಡೆ ‘ಡ್ಯೂಕ್ ನ್ಯೂಕೆಮ್ ಫಾರೆವರ್’ 1997ರಲ್ಲಿ ಘೋಷಣೆಯಾಗಿ ಹೊರಬಂದಿದ್ದು 2011ರಲ್ಲಿ. ಹದಿನಾಲ್ಕು ವರ್ಷ ಕಳೆದ ಮೇಲೂ ಆಡಿದ ಬಹಳ ಜನರಿಗೆ ಅದು ತೇಪೆ ಹಾಕಿದ ಬಟ್ಟೆಯಂತೆ ಕಂಡಿತು. ಅಂದರೆ ಕ್ಯಾಲೆಂಡರ್ ನೋಡಿ ಅವಸರವನ್ನು ಅಳೆಯೋಕಾಗಲ್ಲ.

ನನಗೆ ಇದಕ್ಕೆ ಉತ್ತರದ ದಾರಿ ಕಾಣೋದು ನಮ್ಮ ಕಡೆಯ ಹೊಗೆಸೊಪ್ಪಿನ ಬ್ಯಾರನ್‌ನಲ್ಲಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಮಿಕ್ಕವರಿಗಾಗಿ ಹೇಳ್ತೀನಿ. ಹೊಲದಿಂದ ತಂದ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ ಒಳಗೆ ಏರಿಸಿ, ಹೊರಗಿನಿಂದ ಬೆಂಕಿ ಹಾಕುತ್ತಾರೆ. ಮೊದಲು ಸಣ್ಣ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು. ಆಮೇಲೆ ಆ ಬಣ್ಣ ನಿಲ್ಲಬೇಕು, ಎಲೆ ಒಣಗಬೇಕು. ಕೊನೆಗೆ ಶಾಖವನ್ನು ಸುಮಾರು 160 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಏರಿಸಿ ನಡುವಿನ ದಂಟನ್ನು ಒಣಗಿಸಬೇಕು. ಎಲ್ಲಾ ಸೇರಿ ಐದಾರು ದಿನದ ಕೆಲಸ, ರಾತ್ರಿ ನಿದ್ದೆ ಇಲ್ಲ.

ನಮ್ಮ ದೊಡ್ಡಪ್ಪ ಹೇಳೋರು, “ಹಳದಿ ತಿರುಗೋಕ್ ಮುಂಚೆ ಬೆಂಕಿ ಜೋರ್ ಮಾಡ್ಬುಟ್ರೆ ಹಸ್ರು ಹಂಗೇ ನಿಂತ್ಕೊಬುಡ್ತದೆ ಕಣಪ್ಪ. ಆಮೇಲ್ ಏನ್ ಮಾಡುದ್ರೂ ಹೋಗಲ್ಲ.” ದಂಟಿನದು ಇನ್ನೂ ಮೋಸ. ಎಲೆ ಹೊರಗೆ ಚಿನ್ನದ ಬಣ್ಣ, ಮುಟ್ಟಿದರೆ ಗರಿಗರಿ. ಒಳಗೆ ದಂಟಲ್ಲಿ ನೀರು ಉಳಿದಿದ್ದರೆ ಬೇಲ್ ಕಟ್ಟಿಟ್ಟ ಮೇಲೆ ಬೂಷ್ಟು ಹಿಡಿಯುತ್ತೆ. ಅವಸರ ಅಂದರೆ ನನ್ನ ಪ್ರಕಾರ ಇದೇ: ಮುಂದಿನ ಹಂತಕ್ಕೆ ಬೇಕಾದ್ದನ್ನು ಹಿಂದಿನ ಹಂತ ಮುಗಿಸಿಕೊಡದೇ ಇದ್ದರೂ ಮುಂದಕ್ಕೆ ಹೋಗೋದು, ಉಳಿದ ಕೆಲಸವನ್ನು ಹಳದಿ ಬಣ್ಣದ ಕೆಳಗೆ ಬಚ್ಚಿಡೋದು.

ಅಟಾರಿ ಕಂಪನಿಯ ‘ಇ.ಟಿ.’ ಇದಕ್ಕೆ ಹಳೆಯ ಉದಾಹರಣೆ. ಸ್ಪೀಲ್‌ಬರ್ಗ್ ಸಿನಿಮಾದ ಹಕ್ಕಿನ ಮಾತುಕತೆ ಮುಗಿದಿದ್ದೇ 1982ರ ಜುಲೈ ಕೊನೆಗೆ. ಕ್ರಿಸ್‌ಮಸ್ ವ್ಯಾಪಾರಕ್ಕೆ ಸಿಗಬೇಕಾದರೆ ಸೆಪ್ಟೆಂಬರ್ 1ಕ್ಕೆ ಆಟ ರೆಡಿ ಇರಬೇಕು. ಆಟ ಬರೆದ ಹೊವರ್ಡ್ ಸ್ಕಾಟ್ ವಾರ್ಶಾಗೆ ಉಳಿದದ್ದು ಸುಮಾರು ಐದು ವಾರ. ಆತ ದಡ್ಡನಲ್ಲ, ಜನ ಮೆಚ್ಚಿದ ‘ಯಾರ್ಸ್ ರಿವೆಂಜ್’ ಮಾಡಿದ್ದೂ ಅವನೇ. ಆದರೆ ಇ.ಟಿ. ಆಡಿದ ಮಕ್ಕಳು ಗುಂಡಿಗೆ ಬೀಳೋದು, ಏಳೋದು, ಮತ್ತೆ ಬೀಳೋದು. ಮಾರಾಟವಾಗದ ಕ್ಯಾಟ್ರಿಡ್ಜ್‌ಗಳನ್ನು 1983ರಲ್ಲಿ ಅಮೆರಿಕದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತರು. 2014ರಲ್ಲಿ ಅಗೆದಾಗ ಸಿಕ್ಕವು. ಟೈಮ್ ತಿಂದವರು ಮೇಲೆ ಕೂತು ಚೌಕಾಸಿ ಮಾಡಿದವರು, ಹೆಸರು ಕೆಟ್ಟಿದ್ದು ವಾರ್ಶಾದು.

‘ಸೈಬರ್‌ಪಂಕ್ 2077’ ಕತೆ ಸ್ವಲ್ಪ ಬೇರೆ. 2020ರಲ್ಲಿ ಬಿಡುಗಡೆ ದಿನಾಂಕವನ್ನು ಮೂರು ಸಲ ಮುಂದೂಡಿ, ಡಿಸೆಂಬರ್ 10ಕ್ಕೆ ತಂದರು. ಹಳೇ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಲ್ಲಿ ಆಟ ಮುಗ್ಗರಿಸುತ್ತಿತ್ತು. ವಾರ ಕಳೆಯೋದರಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆದು, ಕೇಳಿದವರಿಗೆ ದುಡ್ಡು ವಾಪಸ್ ಕೊಟ್ಟಿತು. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಕೊಟ್ಟಿದ್ದು ಪಿಸಿ ಆವೃತ್ತಿ ಮಾತ್ರ. ಮುಗ್ಗರಿಸುತ್ತಿದ್ದ ಆವೃತ್ತಿಯನ್ನು ಹೊರಗೆ ತೋರಿಸಿರಲೇ ಇಲ್ಲ. ಅಷ್ಟು ಹೊತ್ತಿಗೆ 80 ಲಕ್ಷ ಜನ ಮುಂಗಡ ಬುಕ್ ಮಾಡಿ ಆಗಿತ್ತು.

ಇಲ್ಲಿ ಕಟ್ಟೆಮಳಲವಾಡಿ, ಕಂಪಲಾಪುರದ ಹರಾಜು ಕಟ್ಟೆ ನೆನಪಾಗುತ್ತೆ. ಅಲ್ಲಿ ಬೇಲ್ ಬಿಚ್ಚಿ, ಎಲೆ ಮುಟ್ಟಿ, ಗ್ರೇಡ್ ಹಾಕಿದ ಮೇಲೇ ಬೆಲೆ ಕಟ್ಟೋದು. ರೈತನಿಗೂ ಒತ್ತಡ ಕಮ್ಮಿಯೇನಿಲ್ಲ: ಹೊಲದಲ್ಲಿ ಮುಂದಿನ ಎಲೆ ಹಣ್ಣಾಗಿ ಕಾಯ್ತಿರುತ್ತೆ, ಇರೋದು ಒಂದೇ ಬ್ಯಾರನ್, ಸಾಲದ ಬಡ್ಡಿ ಬೇರೆ. ಆದರೂ ಅವಸರ ಮಾಡಿದರೆ ನಷ್ಟ ಅವನದ್ದೇ. ಆಟದ ಲೋಕದಲ್ಲಿ ದಿನಾಂಕ ಇಡೋನು ಒಬ್ಬ, ರಾತ್ರಿ ಕೂರೋನು ಇನ್ನೊಬ್ಬ, ಹಸಿ ದಂಟು ಸಿಗೋದು ಮೂರನೆಯವನಿಗೆ.

‘ಆಮೇಲೆ ಪ್ಯಾಚ್ ಕೊಟ್ಟು ಸರಿ ಮಾಡಿದರಲ್ಲ?’ ಅಂತ ಕೇಳಬಹುದು. ಮಾಡಿದರು. 2023ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಆವೃತ್ತಿ ನಿಜಕ್ಕೂ ಚೆನ್ನಾಗಿದೆ. ಅರ್ಧ ಆದ ಆಟ ಮಾರೋದೇ ತಪ್ಪು ಅಂತಲೂ ನಾನು ಹೇಳ್ತಿಲ್ಲ. ‘ಹೇಡಿಸ್’ 2018ರಿಂದ ಎರಡು ವರ್ಷ ‘ಇದು ಇನ್ನೂ ಮುಗಿದಿಲ್ಲ’ ಅಂತ ಹೇಳಿಯೇ ಮಾರಿದ ಆಟ. ಕೊಂಡವರೂ ಅದನ್ನು ತಿಳಿದೇ ಕೊಂಡರು, ಅವರ ಮಾತು ಕೇಳಿ ಆಟ ಬೆಳೆಯಿತು. ಎರಡಕ್ಕೂ ಇರೋ ವ್ಯತ್ಯಾಸ ಒಂದು ಮಾತಿನದು. ಒಬ್ಬರು ಉಳಿದ ಕೆಲಸವನ್ನು ಹೇಳಿ ಕೊಟ್ಟರು, ಇನ್ನೊಬ್ಬರು ಹೇಳದೇ ದಾಟಿಸಿದರು.

ಸಾಫ್ಟ್‌ವೇರ್ ಕೆಲಸದಲ್ಲಿ ಇರೋರಿಗೆ ಆ ಮಾತಿನ ಬೆಲೆ ಗೊತ್ತು. ಮೀಟಿಂಗ್‌ನಲ್ಲಿ ಎಲ್ಲರೂ ‘ಡನ್’ ಅನ್ನುವಾಗ ‘ಇಲ್ಲ, ಇದಿನ್ನೂ ಒಣಗಿಲ್ಲ’ ಅನ್ನೋಕೆ ಧೈರ್ಯ ಬೇಕು. ಆ ಧೈರ್ಯವನ್ನು ಬರೀ ಇಂಜಿನಿಯರ್ ತಲೆಗೆ ಕಟ್ಟಿದರೂ ನ್ಯಾಯ ಆಗಲ್ಲ. ಟ್ರೇಲರ್ ನೋಡಿ ದುಡ್ಡು ಕಟ್ಟೋ ನಾವೂ ಆ ದಿನಾಂಕವನ್ನು ತಳ್ಳುತ್ತಿರುತ್ತೀವಿ. ಮುಂದಿನ ಆಟ ಬಂದಾಗ ಒಂದು ಹದಿನೈದು ದಿನ ತಡೀರಿ. ಬೇಲ್ ಬಿಚ್ಚಲಿ, ಯಾರಾದರೂ ದಂಟು ಮುರಿದು ನೋಡಲಿ, ಆಮೇಲೆ ಕೊಳ್ಳೋಣ.